ನಮ್ಮ ಅಕ್ಕನ ಓಟವೂ ಕಮಲಾಪುರದ ಬಸ್ಸೂ

ನಮ್ಮ ಅಕ್ಕ ದಿನಾ ಮುಂಜಾನೆ ಓಡುತ್ತಾಳೆ. ಈ ಮಾತನ್ನು ನೀವು ನನ್ನ ಬಾಯಿಂದ ಕೇಳಿಯೇ ನಂಬಬೇಕು, ಏಕೆಂದರೆ ಕಣ್ಣಾರೆ ನೋಡಿದರೆ ನಂಬುವುದು ಕಷ್ಟ! ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಯಲ್ಲಿ ಕೋಲೂರಿಕೊಂಡು ಗುಡಿಗೆ ಹೋಗುವ ಅಜ್ಜ ಒಬ್ಬರಿದ್ದಾರೆ. ಅವರು ಹಿಂದಿನಿಂದ ಬಂದು ಅಕ್ಕನನ್ನು ದಾಟುತ್ತಾರೆ. ಗುಡಿಯಲ್ಲಿ ಕೈಮುಗಿದು, ಪ್ರಸಾದ ಇಸಿದುಕೊಂಡು, ತಿರುಗಿ ಬರುವಾಗ ಎದುರಿಗೆ ಸಿಕ್ಕ ಅಕ್ಕನ ಅಂಗೈಯಲ್ಲಿ ಒಂದು ಚೂರು ಕೊಬ್ಬರಿ ಇಟ್ಟು, "ಇನ್ನೂ ಓಡಾಕತ್ತೀರೇನ್ರಿ ಅಕ್ಕೋರ?" ಎಂದು ಕೇಳುತ್ತಾರೆ. "ಹೌದ್ರಿ ಯಜಮಾನ್ರ" ಎನ್ನುತ್ತಾಳೆ ಅಕ್ಕ, ಕೊಬ್ಬರಿ ಅಗಿಯುತ್ತ. ನೀವೇ ಹೇಳಿ, ಓಡುವವರು ಯಾರಾದರೂ ಕೊಬ್ಬರಿ ಅಗಿಯುತ್ತಾರೆಯೇ?

ಅಕ್ಕೋರು ಅಂದರೆ ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳು. ಅಕ್ಕ ನೌಕರಿ ಮಾಡಿದ್ದೆಲ್ಲ ಕಮಲಾಪುರದಲ್ಲಿ. ಮದುವೆಯಾಗಲಿಲ್ಲ, ಊರು ಬದಲಿಸಲಿಲ್ಲ. ನಿವೃತ್ತಿಯಾಗುವ ತನಕ ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಹೋಗಿಬಂದಳು. ನಾನು ಅವಳ ತಮ್ಮ, ಬಾಳೆಹಣ್ಣಿನ ವ್ಯಾಪಾರಿ. ತಳ್ಳುವ ಗಾಡಿಯಿಂದ ಶುರುಮಾಡಿ ಸ್ವಂತ ಟೆಂಪೋ ತನಕ ಬಂದವನು. ಈ ದಾರಿಯಲ್ಲಿ ನಾನು ಕಲಿತದ್ದು ಎರಡೇ: ಹೇಳಿದ ಬೆಲೆಗೆ ತಲೆ ಆಡಿಸಬಾರದು, ಕೇಳದಿದ್ದರೂ ಸಲಹೆ ಕೊಡುವುದನ್ನು ಬಿಡಬಾರದು. ಆದ್ದರಿಂದ ನಡುನಡುವೆ ನಿಮಗೂ ಒಂದೆರಡು ಸಲಹೆ ಸಿಗುತ್ತವೆ. ಪುಕ್ಕಟೆ! ಚೌಕಾಸಿ ಬೇಕಾಗಿಲ್ಲ.

ಓಟ ಶುರುವಾದದ್ದು ಡಾಕ್ಟರರಿಂದ. ನಿವೃತ್ತಿಯ ಮೇಲೆ ಅಕ್ಕನಿಗೆ ಶುಗರ್ ಬಂತು. "ದಿನಾ ಜರಾ ನಡೀರಿ ಅಕ್ಕೋರ" ಎಂದರು ಡಾಕ್ಟರು. ಅಕ್ಕ ಮನೆಗೆ ಬಂದವಳೇ, "ನಡಿಯೋದು ನನಗ ರೂಢಿ ಇಲ್ಲೋ ತಮ್ಮಾ. ಜೀವನಪೂರ್ತಿ ಓಡೀನಿ. ಓಡೇ ಓಡ್ತೀನಿ" ಎಂದು ತೀರ್ಪು ಕೊಟ್ಟಳು. ಡಾಕ್ಟರರ ಮಾತಿಗೂ ಚೌಕಾಸಿ! ಅದರಲ್ಲೂ ಏರಿಸುವ ಚೌಕಾಸಿ! ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ ನಾವು?

ಬೂಟು ಕೊಳ್ಳಲು ನಾನೇ ಕರೆದುಕೊಂಡು ಹೋದೆ. ಅಂಗಡಿಯ ಸಾಹೇಬರು ಒಂದು ಜೋಡಿಯನ್ನು ಅಂಗೈ ಮೇಲೆ ಕೂಸಿನಂತೆ ಮಲಗಿಸಿ ತೋರಿಸಿದರು. "ಭಾಯ್, ಇದು ಹಾಕ್ಕೊಂಡ್ರ ಸ್ಪೀಡ್ ತಾನಾಗಿ ಬರ್ತದ ನೋಡ್ರಿ."

"ಸ್ಪೀಡ್ ಬರದಿದ್ರ ವಾಪಸ್ ತಗೋತೀರೇನು?" ಎಂದೆ.

ಸಾಹೇಬರು ಅಕ್ಕನನ್ನು ತಲೆಯಿಂದ ಕಾಲಿನ ತನಕ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಕಾಯ್ಕು ಭಾಯ್, ಗರೀಬನ ಹೊಟ್ಟಿ ಮ್ಯಾಲ ಹೊಡೀತೀರಿ? ಬೆಲೆ ನೀವೇ ಹೇಳ್ರಿ, ಸ್ಪೀಡಿನ ಮಾತು ಬಿಡ್ರಿ" ಎಂದರು. ಹೀಗೆ ನಾನು ನನ್ನ ಬೆಲೆಗೇ ಬೂಟು ತಂದೆ. ಸಲಹೆ ಒಂದು: ಬೂಟು ಕೊಳ್ಳುವಾಗ ನಿಧಾನವಾಗಿ ಓಡುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅಂಗಡಿಯವನ ಧೈರ್ಯ ಅಲ್ಲೇ ಕುಸಿಯುತ್ತದೆ.

ಮೊದಲ ದಿನ ಓಣಿಯಲ್ಲಿ ಆದದ್ದು ಕೇಳಿ. ಬ್ರಹ್ಮಪುರದಲ್ಲಿ ಹೆಣ್ಣುಮಗಳು, ಅದೂ ನಿವೃತ್ತಿಯಾದ ಅಕ್ಕೋರು, ಸೆರಗು ಸಿಗಿಸಿಕೊಂಡು ಮುಂಜಾನೆ ಓಡುತ್ತಿದ್ದಾಳೆ ಅಂದರೆ ಏನರ್ಥ? ಯಾರದೋ ಮನೆಯಲ್ಲಿ ಏನೋ ಆಗಿದೆ! ಹಾಲು ತರಲು ಹೋಗುತ್ತಿದ್ದವರು ಪಾತ್ರೆ ಸಮೇತ ಹಿಂದೆ ಬಿದ್ದರು. ಅಂಗಳ ಗುಡಿಸುತ್ತಿದ್ದವಳು ಕಸಬರಿಗೆ ಹಿಡಿದುಕೊಂಡೇ ಬಂದಳು. ಯಾರೋ ಒಬ್ಬರು ಉಪಯೋಗಕ್ಕೆ ಬರಲಿ ಎಂದು ಆಟೋವನ್ನೂ ಹಿಂದೆ ತಂದರು. ಗುಡಿಯ ತಿರುವಿಗೆ ಬರುವಷ್ಟರಲ್ಲಿ ಅಕ್ಕನ ಹಿಂದೆ ಒಂದು ಮೆರವಣಿಗೆ. ಎಲ್ಲರ ಮುಖದಲ್ಲೂ ಗಾಬರಿ, ಕೇಳುವ ಧೈರ್ಯ ಯಾರಿಗೂ ಇಲ್ಲ. ಕೊನೆಗೆ ಕಸಬರಿಗೆಯವಳೇ ಕೇಳಿದಳು:

"ಯಾರ ಮನ್ಯಾಗ ಏನಾತ್ರಿ ಅಕ್ಕೋರ?"

"ಎಲ್ಲೂ ಏನಾಗಿಲ್ಲವಾ. ಸುಮ್ನ ಓಡಾಕತ್ತೀನಿ."

"ಸುಮ್ನ?" ಎಂದಳು ಅವಳು. "ಮತ್ತ ನಾ ಒಲಿ ಮ್ಯಾಲ ಚಹಾ ಬಿಟ್ಟು ಬಂದೀನಲ್ರಿ!"

ಇಷ್ಟಾದ ಮೇಲೆ ಓಣಿಯ ಓಟವೊಂದೇ ಸಾಲದೆಂದು, ಮೈದಾನದಲ್ಲಿ ಹೊಸದಾಗಿ ಓಡುವವರ ಒಂದು ಬಳಗಕ್ಕೆ ಅಕ್ಕನನ್ನು ಸೇರಿಸಿದೆ. ಕಲಿಸುವವಳು ಒಬ್ಬ ಸಣ್ಣ ಹುಡುಗಿ, ಎಲ್ಲರೂ ಅವಳನ್ನು ಕೋಚ್ ಎನ್ನುತ್ತಾರೆ. ಅವಳು ಮೊದಲ ದಿನವೇ ಒಂದು ನಿಯಮ ಹೇಳಿಕೊಟ್ಟಳು: "ಮಾತಾಡ್ಕೋತ ಓಡಾಕ ಬರಬೇಕ್ರಿ. ಮಾತು ನಿಂತ್ರ ನೀವು ಭಾಳ ಜೋರು ಓಡಾಕತ್ತೀರಿ ಅಂತ ಅರ್ಥ."

ಅಯ್ಯೋ! ಈ ನಿಯಮವನ್ನು ಯಾರಿಗೆ ಬೇಕಾದರೂ ಹೇಳಬಹುದಿತ್ತು, ನಮ್ಮ ಅಕ್ಕನಿಗೆ ಹೇಳಬಹುದೇ? ಆಯುಷ್ಯವೆಲ್ಲ ಗದ್ದಲದ ತರಗತಿಗೆ ಕೇಳಿಸುವಂತೆ ಮಾತಾಡಿದ ಗಂಟಲು ಅದು. ಅಂದಿನಿಂದ ಅವಳು ಮೈದಾನದ ಸುತ್ತ ಮಗ್ಗಿ ಹೇಳುತ್ತ ಓಡತೊಡಗಿದಳು. ಎರಡರ ಮಗ್ಗಿಯಿಂದ ಶುರು. ದಾಟಿ ಹೋಗುವ ಹುಡುಗರು ತಮಗೇ ಗೊತ್ತಿಲ್ಲದೆ ಮುಂದಿನ ಸಾಲು ಹೇಳಿ ಹೋಗುತ್ತಿದ್ದರು. ತಪ್ಪು ಹೇಳಿದವನನ್ನು ಅಕ್ಕ ಅಲ್ಲೇ ನಿಲ್ಲಿಸಿ ತಿದ್ದುತ್ತಿದ್ದಳು. ನಿಧಾನ ಯಾಕಾಗುತ್ತದೆ ಎಂದು ಬೇರೆ ಹೇಳಬೇಕೇ?

ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಜರಾ ಲಗೂ ಓಡಿದ್ರ ಏನಾಗ್ತದ?"

"ನೀ ಕಮಲಾಪುರದ ಕೆಂಪು ಬಾಳಿಗೊನಿಗೆ ಲಗೂ ಹಣ್ಣಾಗು ಅಂತೀಯೇನು?"

"ಅದರ ಮಾತೇ ಬ್ಯಾರೆ. ಬ್ಯಾರೆ ಬಾಳಿ ಮಾರಿಹೋದ್ರೂ ಅದು ಗಿಡದ ಮ್ಯಾಲ ಹಾಯಾಗಿ ಕುಂತಿರ್ತದ ಖರೇ. ಆದ್ರ ಅದಕ್ಕ ರೇಟ್ ಅದ. ನಿನಗೇನದ?"

"ನನಗ ಪೆನ್ಶನ್ ಅದ" ಎಂದಳು.

ಮೇಲೆ ಇಷ್ಟು ಧೈರ್ಯದ ಮಾತಾಡಿದರೂ ಅಕ್ಕನಿಗೆ ಒಳಗೆ ಒಂದು ಆಸೆ, ಒಂದು ಹೆದರಿಕೆ. ನಾಲ್ಕು ಜನರ ಮುಂದೆ ಒಂದೇ ಒಂದು ಓಟವನ್ನು ಮೊದಲಿನಿಂದ ಕಡೆಯ ತನಕ ತನ್ನ ಕಾಲ ಮೇಲೆ ಮುಗಿಸಬೇಕು ಎನ್ನುವುದು ಆಸೆ. ತನಗಾಗಿ ಯಾರಾದರೂ ಕಾಯುತ್ತ ನಿಂತುಬಿಟ್ಟರೆ ಎನ್ನುವುದು ಹೆದರಿಕೆ. ಈ ಹೆದರಿಕೆಯ ಬೇರು ಕಮಲಾಪುರದ ಬಸ್ಸಿನಲ್ಲಿದೆ.

ಅವಳು ನೌಕರಿಯಲ್ಲಿದ್ದಾಗ ಮನೆಯಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ಎಲ್ಲ ಮುಗಿಸಿ ಹೊರಬೀಳುವ ಹೊತ್ತಿಗೆ ಬಸ್ಸು ಹೊರಟು ನಿಂತಿರುತ್ತಿತ್ತು. ಅಕ್ಕ ಒಂದು ಕೈಯಲ್ಲಿ ಬುತ್ತಿ, ಒಂದು ಕೈಯಲ್ಲಿ ಸೀರೆಯ ನಿರಿಗೆ ಹಿಡಿದು ಓಡುತ್ತಿದ್ದಳು. ಬಸ್ಸಿನೊಳಗಿಂದ ಕೂಗು ಬರುತ್ತಿತ್ತು: "ಏ ನಿಂದ್ರಸ್ರಿ, ನಿಂದ್ರಸ್ರಿ! ಅಕ್ಕೋರು ಬರಾಕತ್ತಾರ!" ಬಸ್ಸು ನಿಲ್ಲುತ್ತಿತ್ತು. ಕಿಟಕಿಗೊಂದರಂತೆ ಮುಖಗಳು. ಯಾರೂ ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ಅಷ್ಟು ಮಂದಿ ತನಗಾಗಿ ಸುಮ್ಮನೆ ಕೂತು ನೋಡುತ್ತಿರುವುದಿದೆಯಲ್ಲ, ಅದು ಬೈಗುಳಕ್ಕಿಂತ ಭಾರ ಎನ್ನುತ್ತಾಳೆ ಅಕ್ಕ. ಹಾಗಾಗಿ ತನಗಾಗಿ ನಿಂತ ಗಾಡಿಯನ್ನು ಹತ್ತದೆ ಬಿಡುವುದು ಅವಳ ಕೈಲಿ ಸಾಧ್ಯವೇ ಇಲ್ಲ. ಕಾಲು ತಾನಾಗಿ ಮೆಟ್ಟಿಲ ಮೇಲೆ ಹೋಗುತ್ತದೆ!

ಒಂದು ಮುಂಜಾನೆ ಬಳಗದವರು ಹುಮನಾಬಾದ್ ರಸ್ತೆಯಲ್ಲಿ ಓಡುತ್ತಿದ್ದಾರೆ. ಅಕ್ಕ ಎಂದಿನಂತೆ ಎಲ್ಲರಿಗಿಂತ ಹಿಂದೆ, ಬಹುಶಃ ಏಳರ ಮಗ್ಗಿಯಲ್ಲಿದ್ದಳು. ಕಮಲಾಪುರದ ಬಸ್ಸು ಬಂತು. ಡ್ರೈವರ್ ಅವಳ ಹಳೆಯ ಶಿಷ್ಯ. ಅಕ್ಕೋರು ಓಡುತ್ತಿರುವುದನ್ನು ಕಂಡ, ನಿಲ್ಲಿಸಿದ, ಬಾಗಿಲು ತೆಗೆಸಿದ. ಅರ್ಧ ತಾಸಿನ ಮೇಲೆ ನನಗೆ ಫೋನು:

"ತಮ್ಮಾ, ನಾ ಕಮಲಾಪುರದಾಗ ಅದೀನಿ."

"ಓಡಿಕೋತ ಹೋದಿಯೇನ?" ನನ್ನ ಎದೆ ಹಿಗ್ಗಿತು.

"ಇಲ್ಲೋ. ಬಸ್ ನಿಂತಿತ್ತು. ಹತ್ತದಿದ್ರ ಪಾಪ ಅವರಿಗೆ ಬ್ಯಾಸರ ಆಗ್ತಿತ್ತಲ್ಲ?"

ಹೆಣ್ಣುಮಕ್ಕಳಿಗೆ ಈಗ ಬಸ್ಸು ಪುಕ್ಕಟೆ, ಟಿಕೆಟ್ಟಿನ ಅಡ್ಡಿಯೂ ಇಲ್ಲ! ಅಂದು ಬಾಳೆಗೊನೆ ತರಲು ಹೋದ ನನ್ನ ಟೆಂಪೋ ಅಕ್ಕನನ್ನೂ ಹೇರಿಕೊಂಡು ಬಂತು.

ಆದರೆ ಆ ಡ್ರೈವರ್ ಕಮಲಾಪುರದಲ್ಲಿ ಸಿಕ್ಕಾಗ ಒಂದು ಮಾತು ಹೇಳಿದ್ದ: "ಕಾಕಾ, ಬಸ್ ಕಂಡ ಕೂಡ್ಲೆ ಅಕ್ಕೋರು ಏನ್ ಓಡಿದ್ರು ಅಂತೀರಿ! ಹುಡುಗೋರನ್ನ ಹಿಂದ ಹಾಕಿದ್ರು." ನನ್ನ ವ್ಯಾಪಾರಿ ತಲೆ ಚುರುಕಾಯಿತು. ಗಾಡಿ ಮುಂದಿದ್ದರೆ ಅಕ್ಕನಿಗೆ ವೇಗ ಬರುತ್ತದೆ. ನನ್ನ ಹತ್ತಿರ ಗಾಡಿ ಇದೆ. ಮತ್ತೇನು ಬೇಕು? ಮರುದಿನ ಟೆಂಪೋವನ್ನು ಅವಳ ಮುಂದೆ ನಿಧಾನಕ್ಕೆ ಬಿಟ್ಟುಕೊಂಡು ಹಾರ್ನ್ ಹೊಡೆಯುತ್ತ ಹೊರಟೆ. ಆಹಾ! ಅಕ್ಕ ಹಾರಿಬಂದಳು! ಮಗ್ಗಿ ನಿಂತಿತು, ಸೆರಗು ಗಾಳಿಗೆ ಬಿಚ್ಚಿತು. ನಾನು ಕನ್ನಡಿಯಲ್ಲಿ ನೋಡುತ್ತ, ಇನ್ನು ಗೆದ್ದು ಕಪ್ ತಂದಂತೆಯೇ ಎಂದು ಹಿಗ್ಗುತ್ತಿದ್ದೇನೆ, ಅಷ್ಟರಲ್ಲಿ ಕನ್ನಡಿಯಲ್ಲಿ ಅಕ್ಕ ಮಾಯ. ಹಿಂದಿನಿಂದ ದಪ್ಪೆಂದು ಸಪ್ಪಳ. ತಿರುಗಿ ನೋಡಿದರೆ, ಬಾಳೆಗೊನೆಗಳ ನಡುವೆ ಕೂತು ಬೆವರು ಒರೆಸಿಕೊಳ್ಳುತ್ತ, "ನಡಿ ತಮ್ಮಾ, ಭಾಳ ತಡ ಆತು" ಎನ್ನುತ್ತಿದ್ದಾಳೆ!

ಸಲಹೆ ಎರಡು: ನಿಧಾನದವರ ಮುಂದೆ ಗಾಡಿ ಬಿಡಬೇಡಿ. ಗೊನೆಗಳು ಜಜ್ಜಿಹೋಗುತ್ತವೆ.

ಇಲ್ಲಿಯ ತನಕ ನಾವೆಲ್ಲ ನಕ್ಕೆವು, ಅಕ್ಕನೂ ನಕ್ಕಳು. ಆಮೇಲೆ ಊರಲ್ಲಿ ಒಂದು ದೊಡ್ಡ ಓಟ ಬಂತು. ಅಕ್ಕ ಹೆಸರು ಕೊಟ್ಟಳು. ಇಂಥ ಓಟಗಳಲ್ಲಿ ಎಲ್ಲರಿಗಿಂತ ಹಿಂದಿನವರ ಬೆನ್ನಿಗೆ ಒಂದು ಗಾಡಿ ಬರುತ್ತದಂತೆ, ದಣಿದವರನ್ನು ಹತ್ತಿಸಿಕೊಳ್ಳಲು. ಅಕ್ಕ ದಣಿದಿರಲಿಲ್ಲ. ಅವಳ ಪಾಡಿಗೆ ಮಗ್ಗಿ ಹೇಳುತ್ತ ಓಡುತ್ತಿದ್ದಳು. ಆದರೆ ಅವಳಿಗಿಂತ ಹಿಂದೆ ಯಾರೂ ಇರಲಿಲ್ಲ, ಗಾಡಿ ಅವಳ ನೆರಳಿನಂತೆ ಗುರ್ ಗುರ್ ಎನ್ನುತ್ತ ತೆವಳುತ್ತಿತ್ತು. ಅಕ್ಕ ಹೊರಳಿ ಹೊರಳಿ ನೋಡಿದಳು. ಡ್ರೈವರ್ ಒಳ್ಳೆಯ ಮನುಷ್ಯ, ಕಿಟಕಿಯಿಂದ ತಲೆ ಹಾಕಿ, "ಅವಸರಿಲ್ರಿ ಬಾಯಾರ, ಬೇಕಾದ್ರ ಹತ್ರಿ" ಎಂದನಂತೆ. ಅಷ್ಟೇ ಸಾಕಾಯಿತು. ಮುಗಿಯುವ ಗೆರೆ ಕಣ್ಣಿಗೆ ಕಾಣುತ್ತಿದ್ದ ಜಾಗದಲ್ಲಿ ಅಕ್ಕ ಗಾಡಿ ಹತ್ತಿದಳು!

ಗಾಡಿಯಿಂದ ಇಳಿದವಳಿಗೆ ಜನ ಚಪ್ಪಾಳೆ ಹೊಡೆದರು. ಪಾಪ, ಕರುಣೆಯಿಂದಲೇ ಹೊಡೆದರು. ಅಕ್ಕ ಮನೆಗೆ ಬಂದು ಬೂಟಿನ ಮಣ್ಣು ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ, ಅಟ್ಟದ ಮೇಲಿಟ್ಟಳು.

"ಯಾಕಕ್ಕಾ? ಇನ್ನೊಂದ್ ಚೂರು ಇತ್ತಲ್ಲ!"

"ಪಾಪ, ನನ್ನ ಸಲುವಾಗಿ ಎಷ್ಟೊತ್ತು ಒಂದನೇ ಗೇರಿನ್ಯಾಗ ಬರಬೇಕೋ ಅಂವ? ಸಾಕು ತಮ್ಮಾ. ನನ್ನಂಥಾಕಿ ಓಡಿದ್ರ ಮಂದಿಗೆ ತ್ರಾಸು."

ನಾನು ಸಲಹೆಗಳ ಚೀಲವನ್ನೇ ಸುರಿದೆ. ಮೊದಲು ಹೊರಡು, ಅಡ್ಡದಾರಿ ಹಿಡಿ, ಡ್ರೈವರನ ಜೊತೆ ನಾನೇ ಮಾತಾಡುತ್ತೇನೆ. ಒಂದೂ ಮಾರಾಟವಾಗಲಿಲ್ಲ. ಮನೆಯಲ್ಲಿ ಮಗ್ಗಿಯ ದನಿ ನಿಂತುಹೋಯಿತು. ಗುಡಿಗೆ ಹೋಗುವ ಅಜ್ಜ ಕೊಬ್ಬರಿ ಹಿಡಿದುಕೊಂಡು ನಮ್ಮ ಬಾಗಿಲ ತನಕ ಬಂದು, "ಅಕ್ಕೋರು ಎಲ್ಲೆದಾರ್ರಿ? ದಾಟಾಕ ಯಾರೂ ಇಲ್ಲದಂಗ ಆಗ್ಯಾದ" ಎಂದು ಹೇಳಿಹೋದರು.

ಕಡೆಗೆ ಕೋಚ್ ಹುಡುಗಿಯೇ ಬಂದಳು. ಹೊಸಬರಿಗಾಗಿ ಕಮಲಾಪುರದಲ್ಲಿ ಒಂದು ಸಣ್ಣ ಓಟ ಇಟ್ಟಿದ್ದರು. ಅಕ್ಕನ ಸಾಲಿಯ ಮುಂದಿನಿಂದ ಹೊರಟು, ತೋಟಗಳ ನಡುವೆ ಮಹಾಗಾಂವದ ದಾರಿಯಲ್ಲಿ ಒಂದಿಷ್ಟು ಹೋಗಿ ತಿರುಗಿ ಬರುವುದು. ಕಮಲಾಪುರ ಎಂದ ಕೂಡಲೇ ಅಕ್ಕ ಎರಡೂ ಕೈ ಆಡಿಸಿದಳು.

"ಅಲ್ಲಿ ಎಲ್ಲಾರೂ ನನ್ನ ಗುರ್ತದವರವಾ. ಕಡೀಗೆ ಬಂದ್ರ ಏನಂದಾರು?"

"ನಿಮ್ಮ ಸಾಲ್ಯಾಗ ಕಡೀಗೆ ಲೆಕ್ಕ ಮುಗಸೋ ಹುಡುಗೋರಿಗೆ ನೀವೇನಂತಿದ್ರಿ?"

ಅಕ್ಕ ಕೈ ಆಡಿಸುವುದನ್ನು ನಿಲ್ಲಿಸಿದಳು. "ಪಾಟಿ ಕಸಗೊಂತಿರಲಿಲ್ಲ" ಎಂದಳು. "ಬರೀಲಿ ಅಂತ ಬಿಡ್ತಿದ್ದೆ."

ಹುಡುಗಿ ಅಟ್ಟದ ಕಡೆ ನೋಡಿದಳು. ಸ್ಟೂಲು ತಂದು ಬೂಟು ಇಳಿಸಿದ್ದು ನಾನು.

ಆ ದಿನ ಓಡಿದವರಿಗೆಲ್ಲ ನನ್ನ ಲೆಕ್ಕದಲ್ಲಿ ಕೆಂಪು ಬಾಳೆಹಣ್ಣು. ಹೌದು, ಪುಕ್ಕಟೆ! ಮಾರುಕಟ್ಟೆಯ ಗೆಳೆಯರಿಗೆ ದಯವಿಟ್ಟು ಹೇಳಬೇಡಿ. ಹಣ್ಣು ಹಂಚಲು ಕೂತ ನನ್ನ ಮುಂದೆ ಒಬ್ಬೊಬ್ಬರಾಗಿ ಬಂದರು, ತಿಂದರು, ಹೋದರು. ಅಕ್ಕನ ಸುಳಿವಿಲ್ಲ. ಸ್ಕೂಟರ್ ಹತ್ತಿ ಹುಡುಕಿಕೊಂಡು ಹೊರಟೆ. ತಿರುಗಿ ಬರುವ ದಾರಿಯಲ್ಲಿ, ಒಂದು ಬಾಳೆಯ ತೋಟದ ಪಕ್ಕ, ಒಬ್ಬಳೇ ಬರುತ್ತಿದ್ದಳು. ಹದಿಮೂರರ ಮಗ್ಗಿ! ಸ್ಕೂಟರ್ ಬದಿಗೆ ನಿಲ್ಲಿಸಿ ನಾನೂ ಜೊತೆಗೆ ಓಡಿದೆ, ಸಲಹೆ ಕೊಡುತ್ತ. ಸ್ವಲ್ಪ ದೂರ ಹೋಗುವುದರೊಳಗೆ ನನ್ನ ಉಸಿರು ಸಿಕ್ಕಿಹಾಕಿಕೊಂಡಿತು.

"ಮಾತಾಡ್ಕೋತ ಓಡು ತಮ್ಮಾ" ಎಂದಳು ಅಕ್ಕ.

ಆಡಲು ಬರಲಿಲ್ಲ. ಜನ್ಮದಲ್ಲಿ ಮೊದಲ ಬಾರಿಗೆ ನನ್ನ ಬಾಯಲ್ಲಿ ಮಾತಿರಲಿಲ್ಲ!

ಆಗಲೇ ಹಿಂದಿನಿಂದ ಆ ಪರಿಚಿತ ಹಾರ್ನ್ ಕೇಳಿದ್ದು. ಕಲಬುರಗಿಯಿಂದ ಬರುವ ಕಮಲಾಪುರದ ಬಸ್ಸು. ಅದೇ ಡ್ರೈವರ್. ಬಸ್ಸು ನಮ್ಮ ಪಕ್ಕಕ್ಕೆ ಬಂದು ನಿಂತಿತು, ಬಾಗಿಲು ತೆರೆಯಿತು, ಕಿಟಕಿಗೊಂದರಂತೆ ಮುಖಗಳು ಹೊರಬಂದವು.

"ಬರ್ರಿ ಅಕ್ಕೋರ, ಹತ್ರಿ!"

ಅಕ್ಕನ ಕಾಲು ಮೆಟ್ಟಿಲ ಕಡೆ ತಿರುಗಿದ್ದನ್ನು ನಾನು ನೋಡಿದೆ. ಉಸಿರಿದ್ದರೆ ಕೂಗುತ್ತಿದ್ದೆ. ಅವಳು ಕಿಟಕಿಗಳನ್ನು ನೋಡಿದಳು, ಬಾಗಿಲನ್ನು ನೋಡಿದಳು. ಬಾಗಿಲ ಪಕ್ಕದ ಕಂಬಿಯನ್ನು ಒಮ್ಮೆ ಅಂಗೈಯಿಂದ ಮುಟ್ಟಿದಳು. ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡಳು.

"ನೀ ನಡಿಯಪ್ಪಾ" ಎಂದಳು. "ನಂದು ಇನ್ನಾ ತಡ ಅದ."

"ನಿಂದರ್ತೀನಿ ತಗೋರಿ ಅಕ್ಕೋರ."

"ನಿಂದರಬ್ಯಾಡ! ಹೋಗಂದ್ರ ಹೋಗು!" ತರಗತಿಯ ದನಿ ಬಂತು ನೋಡಿ! ಶಿಷ್ಯ ತಟ್ಟನೆ ಗೇರ್ ಹಾಕಿದ. ಬಸ್ಸು ಹೊರಟಿತು. ಕಿಟಕಿಯ ಮುಖಗಳು ಮರೆಯಾಗುವ ತನಕ ಅಕ್ಕ ನಗುತ್ತ ಕೈಬೀಸಿದಳು. ಮತ್ತೆ ಓಡತೊಡಗಿದಳು, ಮೊದಲಿನಷ್ಟೇ ನಿಧಾನಕ್ಕೆ.

ನನಗೆ ಅಷ್ಟೊತ್ತಿಗೆ ಉಸಿರು ಬಂದಿತ್ತು. ಉಸಿರಿನ ಹಿಂದೆಯೇ ಸಲಹೆಯೂ ಬಂತು. "ಲಗೂ ಅಕ್ಕಾ, ಲಗೂ! ಅಲ್ಲಿ ಬ್ಯಾನರ್ ಬಿಚ್ಚಾಕತ್ತಾರ!"

"ಲಗೂ ಲಗೂ ಅನಬ್ಯಾಡೋ" ಎಂದಳು, ನಿಲ್ಲದೆ. "ಅವ್ವಗ ನಾ ಎಂದಾದ್ರೂ ಹಂಗ ಅಂದೀನೇನು?"

ಅಷ್ಟು ಹೇಳಿ ಮಗ್ಗಿಗೆ ಮರಳಿದಳು. ನಾನು ರಸ್ತೆಯ ಬದಿಯಲ್ಲಿ ನಿಂತುಬಿಟ್ಟೆ.

ಅಂದಿರಲಿಲ್ಲ. ಲಕ್ವ ಹೊಡೆದ ಮೇಲೆ ಅವ್ವನ ಅರ್ಧ ಬಾಯಿ ಕೆಲಸ ಮಾಡುತ್ತಿರಲಿಲ್ಲ. ಅಕ್ಕ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಕಿವುಚಿ, ಸಣ್ಣ ಸಣ್ಣ ತುತ್ತು ಮಾಡಿ ಇಡುತ್ತಿದ್ದಳು. ಒಂದು ತುತ್ತು ಇಳಿಯಲು ಎಷ್ಟೋ ಹೊತ್ತು. ಅವ್ವನಿಗೂ ಬಸ್ಸಿನ ಹೊತ್ತು ಗೊತ್ತು. ಅವಳು ಗಡಿಯಾರ ನೋಡುತ್ತಿದ್ದಳು, ಮಗಳ ಮುಖ ನೋಡುತ್ತಿದ್ದಳು, ಸಾಕು ಎಂದು ತಲೆ ಅಲ್ಲಾಡಿಸುತ್ತಿದ್ದಳು. ಅಕ್ಕ ಗಡಿಯಾರಕ್ಕೆ ಬೆನ್ನು ಹಾಕಿ ಕೂತು ಹೇಳುತ್ತಿದ್ದಳು: "ಇನ್ನಾ ಹೊತ್ತದ ಅವ್ವಾ. ನಿಧಾನಕ್ಕ ಉಣ್ಣು." ಅವ್ವನ ಕಡೆಯ ತುತ್ತು ಇಳಿದ ಮೇಲೆ, ಬಾಯಿ ಒರೆಸಿದ ಮೇಲೆ, ಬುತ್ತಿ ಎತ್ತಿಕೊಂಡು ಹೊಸ್ತಿಲು ದಾಟಿ ಓಡುತ್ತಿದ್ದಳು. ಅವ್ವನಿಗೆ ಹಾಕದ ಅವಸರವನ್ನೆಲ್ಲ ತನ್ನ ಕಾಲಿಗೆ ಹಾಕಿಕೊಂಡು.

ನಾನು ಹಿಂದಕ್ಕೆ ಹೋಗಿ ಸ್ಕೂಟರ್ ಹತ್ತಿ ಸಾಲಿಯ ಮುಂದಕ್ಕೆ ಬಂದೆ. ಖರೇ, ಮುಗಿಯುವ ಗೆರೆಯ ಬ್ಯಾನರ್ ಬಿಚ್ಚುತ್ತಿದ್ದರು. ಒಂದು ತುದಿ ಆಗಲೇ ಕೆಳಗೆ ಜೋತಿತ್ತು. "ಕಟ್ರಿ, ಕಟ್ರಿ" ಎಂದೆ. "ಎಲ್ಲಾ ಮುಗೀತಲ್ರಿ ಸಾಹುಕಾರ" ಎಂದರು. ಇಷ್ಟು ವರ್ಷ ಕಲಿತ ವಿದ್ಯೆಯನ್ನೆಲ್ಲ ಹೊರತೆಗೆದೆ. ಬೇಡಿದೆ, ಗದರಿಸಿದೆ, ಉಳಿದ ಹಣ್ಣಿನ ಗೊನೆಯನ್ನೇ ಮುಂದಿಟ್ಟೆ. ಕೊನೆಗೆ ಜೋತಿದ್ದ ತುದಿಯನ್ನು ನಾನೇ ಎತ್ತಿ ಹಿಡಿದು ನಿಂತೆ. ಇನ್ನೊಂದು ತುದಿಯನ್ನು ಬಂದು ಹಿಡಿದವನು ಬಸ್ಸಿನ ಡ್ರೈವರ್. ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ ಬಂದಿದ್ದ, ಜೊತೆಗೆ ಕಿಟಕಿಯ ಮುಖಗಳೂ ಬಂದಿದ್ದವು.

ದೂರದ ತಿರುವಿನಲ್ಲಿ ಅಕ್ಕ ಕಂಡಳು. ಇಷ್ಟು ಜನ ನಿಂತಿರುವುದು ಕಾಣುತ್ತಲೇ ಅವಳ ಹೆಜ್ಜೆ ತಡವರಿಸಿತು, ಕೈ ತಾನಾಗಿ ಸೀರೆಯ ನಿರಿಗೆಗೆ ಹೋಯಿತು. ಬಸ್ಸಿಗೆ ಓಡುವಾಗ ಹಿಡಿಯುತ್ತಿದ್ದ ಹಾಗೆಯೇ.

ನಾನು ಬ್ಯಾನರಿನ ತುದಿಯನ್ನು ಇನ್ನಷ್ಟು ಮೇಲೆತ್ತಿ, ನನ್ನ ಸಂತೆಯ ಗಂಟಲು ಬಿಟ್ಟು ಕೂಗಿದೆ:

"ಇನ್ನಾ ಹೊತ್ತದ ಅಕ್ಕಾ! ನಿಧಾನಕ್ಕ ಬಾ!"